ಬೆಣೆಯಿಲ್ಲದ ಮನೆ

ನಮ್ಮೂರಿನಲ್ಲಿ ಬೆಳಗ್ಗೆ ಒಂಬತ್ತೂವರೆಗೆ ಒಂದು ಸದ್ದು ಕೇಳಿಸುತ್ತದೆ. ಹಳೆಯ ಬಾಗಿಲು ನಿಧಾನವಾಗಿ ತೆರೆದುಕೊಳ್ಳುವಾಗ ಆಗುವ ಸದ್ದು, ಆದರೆ ಒಂದು ಬಾಗಿಲಿನದಲ್ಲ, ಊರಿನಷ್ಟೂ ಬಾಗಿಲುಗಳದು. ಹೊರಗಿನಿಂದ ಬಂದವರು ಭೂಕಂಪವೆಂದು ಬೀದಿಗೆ ಓಡಿಬರುತ್ತಾರೆ. ನಮ್ಮವರು ಗೋಡೆಯ ಗಡಿಯಾರ ನೋಡಿ ಸರಿಯಾಗಿದೆ ಎಂದುಕೊಳ್ಳುತ್ತಾರೆ. ದುಡಿಯುವವರು ಹೊಸ್ತಿಲು ದಾಟಿ ಕೆಲಸಕ್ಕೆ ಹೊರಟರು, ಅವರ ದುಡಿಮೆಯಿಂದ ಬಂದ ಸಾಮಾನುಗಳು ಅವರು ಹೋದ ದಿಕ್ಕಿಗೆ ವಾಲಿದವು ಎಂದು ಅದರ ಅರ್ಥ. ಹೆಚ್ಚೇನಿಲ್ಲ, ಮೊಳಕ್ಕೆ ಒಂದು ಬೆರಳು. ಸಂಜೆ ಅವರು ಮನೆಯೊಳಗೆ ಕಾಲಿಟ್ಟರೆ ಮತ್ತೆ ಮೊದಲಿನಂತೆ. ಬೇರೆ ಊರುಗಳಲ್ಲಿ ಸಾಮಾನು ಯಾಕೆ ವಾಲುವುದಿಲ್ಲ ಎಂದು ನಮ್ಮ ಮಕ್ಕಳು ಶಾಲೆಯಲ್ಲಿ ಒಮ್ಮೊಮ್ಮೆ ಕೇಳುವುದುಂಟು. ಮೇಷ್ಟ್ರುಗಳು ಅದು ಮುಂದಿನ ತರಗತಿಯ ಪಾಠ ಎನ್ನುತ್ತಾರೆ.

ಮೊಳಕ್ಕೆ ಒಂದು ಬೆರಳು ಎಂದರೆ ತಟ್ಟೆಯಲ್ಲಿ ಸಾರು ಒಂದು ಮಗ್ಗುಲಿಗೆ ಸೇರುವಷ್ಟು, ಮಂಚದ ಮೇಲಿಟ್ಟ ನಿಂಬೆಹಣ್ಣು ಉರುಳುವಷ್ಟು. ಅಷ್ಟಕ್ಕೆ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ. ತಲೆ ಕೆಡುವುದು ದಿಕ್ಕಿನ ವಿಷಯಕ್ಕೆ. ಗಂಡ ಕೆಲಸ ಮಾಡುವ ಕಡೆಗೆ ಸಾಮಾನು ವಾಲಿದರೆ ಅದನ್ನು ನಮ್ಮೂರಿನಲ್ಲಿ ವಾಲುವುದು ಎನ್ನುವುದಿಲ್ಲ, ನೆಟ್ಟಗಿದೆ ಎನ್ನುತ್ತಾರೆ. ಹೆಂಡತಿ ಕೆಲಸ ಮಾಡುವ ಕಡೆಗೆ ವಾಲಿದರೆ ಮಾತ್ರ ವಾಲಿತು ಎನ್ನುತ್ತಾರೆ. ಆಗ ನನ್ನ ಅಂಗಡಿಗೆ ಬರುತ್ತಾರೆ.

ನಾನು ಬೆಣೆ ಮಾಡುವವನು. ಹೆಸರು ಮೌನೇಶಾಚಾರಿ. ಅಪ್ಪ ಬಾಗಿಲು, ಕಿಟಕಿ, ತೊಟ್ಟಿಲು ಎಲ್ಲ ಮಾಡುತ್ತಿದ್ದರು. ನಾನು ಅಂಗಡಿಯಲ್ಲಿ ಕೂತ ಕಾಲಕ್ಕೆ ಊರಿನ ಹೆಂಗಸರು ಅಂಚೆ ಕಚೇರಿ, ಆಸ್ಪತ್ರೆ, ಹಂಚಿನ ಕಾರ್ಖಾನೆ ಎಂದು ಕೆಲಸಕ್ಕೆ ಸೇರತೊಡಗಿದ್ದರಿಂದ ಬೆಣೆಯೊಂದನ್ನೇ ಮಾಡಿದರೂ ಹೊಟ್ಟೆ ತುಂಬುವಂತಾಯಿತು. ಹುಣಸೆಯ ಚೇಗಿನಿಂದ, ಅಂದರೆ ಮರದ ಗಟ್ಟಿ ತಿರುಳಿನಿಂದ, ಮಾಡುತ್ತೇನೆ. ಬೀರುವಿಗೆ ನಾಲ್ಕು ಬೆರಳಿನದು, ಮಂಚಕ್ಕೆ ಮೂರು, ರೇಡಿಯೋ ಪೆಟ್ಟಿಗೆಗೆ ಒಂದೂವರೆ. ಗಿರಾಕಿಗಳು ಬಂದು ನೇರವಾಗಿ ಕೇಳುವುದಿಲ್ಲ. ಮನೆಯ ನೆಲ ಸ್ವಲ್ಪ ಏರುಪೇರಾಗಿದೆ ಎನ್ನುತ್ತಾರೆ. ಈ ಊರಿನ ಮಣ್ಣೇ ಹಾಗೆ ಎಂದು ನಾನು ಹೇಳಬೇಕು. ಯಾವ ಕಡೆಗೆ ಇಳಿಜಾರು ಎಂದು ಕೇಳಬೇಕು. ಅವರು ಎಲ್ಲೋ ನೋಡುತ್ತಾ ಆಸ್ಪತ್ರೆಯ ಕಡೆಗೆ ಎನ್ನಬೇಕು. ಇಪ್ಪತ್ತು ವರ್ಷಗಳಿಂದ ಯಾರೂ ಈ ಮಾತುಗಳ ಕ್ರಮ ತಪ್ಪಿಸಿಲ್ಲ.

ಬೆಣೆ ಹೊಡೆಯುವುದು ಗಂಡಸರ ಕೆಲಸ. ಹೆಂಡತಿ ಹೊರಟ ಮೇಲೆ, ತಾವು ಹೊರಡುವ ಮೊದಲು ಹೊಡೆಯುತ್ತಾರೆ. ತೆಗೆಯುವುದು ಹೆಂಗಸರ ಕೆಲಸ. ಯಾಕೆಂದರೆ ಸಂಜೆ ಅವಳು ಒಳಗೆ ಬಂದೊಡನೆ ಸಾಮಾನು ತಾನಾಗಿ ನೆಟ್ಟಗಾಗುತ್ತದೆ, ಕೆಳಗೆ ಬೆಣೆ ಉಳಿದಿದ್ದರೆ ಇನ್ನೊಂದು ಮಗ್ಗುಲಿಗೆ ವಾಲುತ್ತದೆ. ಆದ್ದರಿಂದ ಕೈಚೀಲ ಕೆಳಗಿಟ್ಟವಳೇ ಮೊದಲು ಮಂಡಿಯೂರಿ ಬೆಣೆಗಳನ್ನು ಕಿತ್ತು ಬುಟ್ಟಿಗೆ ಹಾಕಬೇಕು, ಆಮೇಲೆ ಒಲೆ ಹಚ್ಚಬೇಕು. ಇನ್ನು ಗಂಡ ಹೆಂಡತಿ ಇಬ್ಬರ ದುಡ್ಡೂ ಸೇರಿಸಿ ತಂದ ಸಾಮಾನು ವಾಲುವುದಿಲ್ಲ, ಸಣ್ಣಗೆ ನಡುಗುತ್ತದೆ. ಪಂಚಾಕ್ಷರಿ ಮೇಷ್ಟ್ರ ಮನೆಯ ಫ್ರಿಜ್ಜು ಹತ್ತು ವರ್ಷದಿಂದ ನಡುಗುತ್ತಿದೆ. ಅವರು ಅದನ್ನು ಕಂಪನಿಯ ದೋಷವೆಂದೇ ಹೇಳುತ್ತಾ ಬಂದಿದ್ದಾರೆ.

ಇಷ್ಟೆಲ್ಲ ಮನೆಗಳ ಒಳಗು ಗೊತ್ತಿದ್ದ ನನಗೆ ಒಂದು ಹೆಮ್ಮೆಯಿತ್ತು. ನನ್ನ ಮನೆಯಲ್ಲಿ ಒಂದೇ ಒಂದು ಬೆಣೆ ಇರಲಿಲ್ಲ. ನನ್ನ ಅಂಗಡಿ ಮನೆಯಿಂದ ಮೂಡಲಿಗೆ. ನಮ್ಮ ಮನೆಯ ಬೀರು, ಮಂಚ, ಹೊಲಿಗೆ ಯಂತ್ರ, ಹಿತ್ತಾಳೆಯ ಹಂಡೆ, ಕಡೆಗೆ ಬಾಗಿಲಿನ ಪರದೆ ಕೂಡ ಒಂಬತ್ತೂವರೆಯಾದೊಡನೆ ಮೂಡಲಿಗೆ ವಾಲುತ್ತಿದ್ದವು, ಅಂದರೆ ನೆಟ್ಟಗಿದ್ದವು. ಮಧ್ಯಾಹ್ನ ಊಟಕ್ಕೆ ಹೋದಾಗ ತಟ್ಟೆಯ ಸಾರು ಅಂಗಡಿಯ ಕಡೆಗೆ ಹರಿದು ನಿಲ್ಲುವುದನ್ನು ನೋಡುತ್ತಾ ಉಣ್ಣುವುದು ಒಂದು ಸುಖ.

ನನ್ನ ಹೆಂಡತಿ ಅಂಬುಜಾಕ್ಷಿಯೂ ಕೆಲಸಕ್ಕೆ ಹೋಗುತ್ತಾಳೆ. ಹಂಚಿನ ಕಾರ್ಖಾನೆಯಲ್ಲಿ ಹಂಚು ತಟ್ಟುವ ಕೆಲಸ. ಸುಡುವ ಗೂಡಿನಿಂದ ಬಂದ ಹಂಚನ್ನು ಎಡಗೈಯಲ್ಲಿ ಎತ್ತಿ, ಬಲಗೈಯ ಬೆರಳ ಗಂಟಿನಿಂದ ಒಮ್ಮೆ ತಟ್ಟಿ, ದನಿ ಕೇಳಿ, ಒಡಕೋ ಗಟ್ಟಿಯೋ ಹೇಳಬೇಕು. ದಿನಕ್ಕೆ ಎರಡು ಸಾವಿರ ಹಂಚು. ಕಣ್ಣಿಗೆ ಕಾಣದ ಬಿರುಕು ಅವಳ ಕಿವಿಗೆ ಸಿಗುತ್ತದೆ. ಈ ಅಭ್ಯಾಸ ಮನೆಗೂ ಬಂದು ತೆಂಗಿನಕಾಯಿ, ಗಡಿಗೆ, ಒಮ್ಮೊಮ್ಮೆ ನನ್ನ ಮಾತನ್ನು ಕೂಡ ಹಾಗೆಯೇ ತಲೆ ಓರೆ ಮಾಡಿ ಕೇಳುತ್ತಾಳೆ. ಅವಳ ಸಂಬಳದ ಬಗ್ಗೆ ಯಾರಾದರೂ ಕೇಳಿದರೆ ನಾನು ಹೇಳುತ್ತಿದ್ದುದು ಒಂದೇ: ಅದು ಉಪ್ಪು ಮೆಣಸಿನಕಾಯಿಗೆ, ಮನೆ ನಡೆಯುವುದು ಬೆಣೆಯಿಂದ. ನಗುವವರು ನಗುತ್ತಿದ್ದರು. ಅಂಬುಜ ಎದುರಿಗೇ ಇದ್ದರೆ ತಲೆ ಓರೆ ಮಾಡುತ್ತಿದ್ದಳು.

ಕಾರ್ಖಾನೆಯೂ ಮೂಡಲಿಗೇ ಇತ್ತು ಎಂಬುದನ್ನು ಇಲ್ಲಿ ಹೇಳಿಬಿಡಬೇಕು. ನನ್ನ ಅಂಗಡಿಯ ಬಾಗಿಲಲ್ಲಿ ನಿಂತು ನೋಡಿದರೆ ಅದೇ ನೇರಕ್ಕೆ ಚಿಮಣಿ ಕಾಣುತ್ತಿತ್ತು. ಮನೆ, ಅಂಗಡಿ, ಕಾರ್ಖಾನೆ ಮೂರಕ್ಕೂ ದಾರ ಕಟ್ಟಿದರೆ ದಾರ ಎಲ್ಲೂ ಬಾಗುವುದಿಲ್ಲ. ಇದರಲ್ಲಿ ಯೋಚಿಸುವಂಥದ್ದೇನೂ ನನಗೆ ಹತ್ತೊಂಬತ್ತು ವರ್ಷ ಕಾಣಲಿಲ್ಲ. ಕಾಣಬೇಕಾದ ಸಂದರ್ಭಗಳು ಬಂದಿದ್ದವು. ದುಡಿದವನು ಮನೆಯೊಳಗೆ ಬಂದರೆ ಅವನ ಸಾಮಾನು ನೆಟ್ಟಗೆ ನಿಲ್ಲಬೇಕಲ್ಲ? ನಾನು ಊಟಕ್ಕೆ ಬಂದರೆ ನಮ್ಮ ಮನೆಯಲ್ಲಿ ಯಾವುದೂ ಕದಲುತ್ತಿರಲಿಲ್ಲ. ಉಳಿ, ಬಾಚಿಗಳನ್ನು ಅಂಗಡಿಯಲ್ಲಿ ಬಿಟ್ಟು ಬಂದಿದ್ದೇನೆ, ಸಾಮಾನುಗಳು ನನ್ನನ್ನಲ್ಲ ನನ್ನ ಹತಾರಗಳನ್ನು ನೋಡುತ್ತಿವೆ ಎಂದು ನಾನೊಂದು ವಿವರಣೆ ಮಾಡಿಕೊಂಡಿದ್ದೆ. ಒಮ್ಮೆ ವಿಷಮಶೀತ ಜ್ವರ ಬಂದು ಹದಿನೈದು ದಿನ ಮಲಗಿದ್ದಾಗ ಹತಾರಗಳೂ ಮಂಚದ ಕೆಳಗೇ ಇದ್ದವು, ಆದರೂ ಬೀರು ಮೂಡಲಿಗೆ ವಾಲಿತ್ತು. ಡಾಕ್ಟರಿಗೆ ಹೇಳಿದೆ. ಜ್ವರ ತಲೆಗೇರಿದೆ ಎಂದು ಅವರು ಮಾತ್ರೆ ಬದಲಾಯಿಸಿದರು. ನಮ್ಮ ವಾಚನಾಲಯದ ಪುಸ್ತಕವೊಂದರಲ್ಲಿ ಓದಿದ್ದೇನೆ: ಭೂಮಿಯೇ ನಡುವೆ ನಿಂತಿದೆ, ಸೂರ್ಯ ಅದರ ಸುತ್ತ ತಿರುಗುತ್ತಾನೆ ಎಂದು ನಂಬಿದ್ದ ಕಾಲದವರೂ ಗ್ರಹಣದ ದಿನವನ್ನು ಸರಿಯಾಗಿಯೇ ಹೇಳುತ್ತಿದ್ದರಂತೆ. ಓದಿದಾಗ ಅಯ್ಯೋ ಪಾಪ ಎಂದುಕೊಂಡಿದ್ದೆ.

ಹೋದ ಫಾಲ್ಗುಣದಲ್ಲಿ ಕಾರ್ಖಾನೆಯವರು ಒಂದು ನೋಟೀಸು ಹಚ್ಚಿದರು. ಮೂಡಲ ಕಡೆಯ ಮಣ್ಣು ಮುಗಿಯಿತು, ಹೊಳೆಯಾಚೆ ಹೊಸ ಗೂಡು ಕಟ್ಟಲಾಗಿದೆ, ಸೋಮವಾರದಿಂದ ಎಲ್ಲರೂ ಅಲ್ಲಿಗೆ ಬರತಕ್ಕದ್ದು, ಬರಲಾಗದವರು ಅದೇ ವಾರದ ಶನಿವಾರ ಸಂಜೆ ಐದರೊಳಗೆ ಕೆಲಸ ಬಿಡುವ ಕಾಗದ ಕೊಡತಕ್ಕದ್ದು. ಹೊಳೆ ಎಂದರೆ ಪಡುವಲು. ನಡೆದರೆ ಒಂದು ಗಂಟೆ. ಅಂಬುಜ ಊಟ ಬಡಿಸುತ್ತಾ ಈ ಸುದ್ದಿ ಹೇಳಿದಳು. ಹೊಸ ಗೂಡಿನಲ್ಲಿ ತಟ್ಟುವ ಕೊಟ್ಟಿಗೆಯನ್ನು ಅವಳಿಗೇ ಒಪ್ಪಿಸುತ್ತಾರಂತೆ, ಹೊಸದಾಗಿ ಬಂದ ಆರು ಹುಡುಗಿಯರಿಗೆ ದನಿ ಕೇಳುವುದನ್ನು ಕಲಿಸಬೇಕಂತೆ. ಅದನ್ನು ಹೇಳುವಾಗ ಅವಳ ಕೈಯಲ್ಲಿದ್ದ ಸೌಟು ಗಾಳಿಯಲ್ಲಿ ಹಂಚು ತಟ್ಟುತ್ತಿತ್ತು.

ಬಿಟ್ಟುಬಿಡು ಎಂದೆ. ಒಂದು ಗಂಟೆ ಹೋಗುವುದು, ಒಂದು ಗಂಟೆ ಬರುವುದು, ಮಳೆಗಾಲದಲ್ಲಿ ಸೇತುವೆಯ ಮೇಲೆ ನೀರು. ಇಷ್ಟೆಲ್ಲ ಉಪ್ಪು ಮೆಣಸಿನಕಾಯಿಗಾಗಿ ಯಾಕೆ ಎಂದೆ. ಕಾಳಜಿಯಿಂದಲೇ ಹೇಳಿದೆ, ಅದರಲ್ಲಿ ನನಗೆ ಇವತ್ತಿಗೂ ಅನುಮಾನವಿಲ್ಲ. ಅಂಬುಜ ಸೌಟನ್ನು ಪಾತ್ರೆಯಲ್ಲಿಟ್ಟಳು.

"ಒಂದು ವಾರ ಹೋಗಿ ನೋಡ್ತೀನಿ. ಆಮೇಲೂ ನೀವು ಬಿಡು ಅಂದ್ರೆ ಬಿಡ್ತೀನಿ. ಕಾಗದ ಮಾತ್ರ ನೀವೇ ಬರೆದು ತಂದ್ಕೊಡಿ, ಶನಿವಾರ ಐದು ಗಂಟೆ ಒಳಗೆ. ನಿಮ್ಮ ಅಕ್ಷರ ಚೆನ್ನಾಗಿದೆ."

ನನ್ನ ಅಕ್ಷರ ಚೆನ್ನಾಗಿರುವುದು ನಿಜ. ಬೀದಿಯವರ ಅರ್ಜಿಗಳನ್ನೆಲ್ಲ ನಾನೇ ಬರೆಯುವುದು. ಆಗಲಿ ಎಂದೆ.

ಸೋಮವಾರ ಬೆಳಗ್ಗೆ ಅಂಗಡಿಯಲ್ಲಿ ಮೊದಲ ತೊಂದರೆ ಶುರುವಾದದ್ದು ಅಂಗಿಯಿಂದ. ಅಂಗಿಯ ಕುತ್ತಿಗೆಪಟ್ಟಿ ಗಂಟಲು ಒತ್ತತೊಡಗಿತು. ಮೂಡಲಿಗೆ ಮುಖ ಮಾಡಿ ಕೂರುವುದು ನನ್ನ ರೂಢಿ. ಹತ್ತೊಂಬತ್ತು ವರ್ಷವೂ ನನ್ನ ಅಂಗಿಗಳು ಮುಂದಕ್ಕೆ ಉಬ್ಬಿಕೊಂಡು ಇರುತ್ತಿದ್ದವು, ಅದನ್ನು ನಾನು ಹೊಟ್ಟೆಯ ಲೆಕ್ಕಕ್ಕೆ ಹಾಕಿದ್ದೆ. ಅಂದು ಅದೇ ಅಂಗಿ ಬೆನ್ನಿನ ಕಡೆಗೆ ಎಳೆಯುತ್ತಿತ್ತು. ಗುಂಡಿ ಬಿಚ್ಚಿಕೊಂಡೆ. ಪಂಚೆಯೂ ಹಾಗೆಯೇ. ಗಾಳಿ ಇರಬೇಕು ಎಂದುಕೊಂಡು ಬಾಗಿಲು ಹಾಕಿದೆ. ಬಾಗಿಲು ಹಾಕಿದ ಮೇಲೂ ಗಾಳಿ ನಿಲ್ಲಲಿಲ್ಲ.

ಮಧ್ಯಾಹ್ನ ಮನೆಗೆ ಹೋದರೆ ಇಡೀ ಮನೆ ಪಡುವಲಿಗೆ ವಾಲಿತ್ತು. ಬೀರು, ಮಂಚ, ಹೊಲಿಗೆ ಯಂತ್ರ, ಹಂಡೆ, ಪರದೆ. ಗೋಡೆಯ ಗೂಡಿನಲ್ಲಿದ್ದ ದೀಪದ ಕಂಬಗಳು ಎರಡೂ ಒಂದೇ ಕಡೆ ತಲೆ ಬಾಗಿಸಿ ಏನನ್ನೋ ಕೇಳಿಸಿಕೊಳ್ಳುವಂತಿದ್ದವು. ನಾನು ಹೊಸ್ತಿಲ ಮೇಲೆ ನಿಂತೇ ಇದ್ದೆ. ಒಳಗೆ ಹೋದರೆ ಸರಿಹೋಗಬಹುದು ಎಂದು ಒಳಗೆ ಹೋದೆ. ಸರಿಹೋಗಲಿಲ್ಲ. ಹೊರಗೆ ಹೋಗಿ ಮತ್ತೆ ಬಂದೆ. ಗೋಡೆ ಕುಸಿದಿರಬೇಕೆಂದು ಪೆಟ್ಟಿಗೆಯಿಂದ ನೇರ ನೋಡುವ ತೂಗುಗುಂಡು ತೆಗೆದು ಬೀರುವಿನ ಪಕ್ಕ ಇಳಿಬಿಟ್ಟೆ. ದಾರ ಬೀರುವಿಗೆ ಕೂದಲೆಳೆಯಷ್ಟೂ ಅಂತರ ಬಿಡದೆ ನಿಂತಿತು. ಗುಂಡಿನ ಪ್ರಕಾರ ಬೀರು ನೆಟ್ಟಗಿತ್ತು, ವಾಲಿದ್ದು ಗೋಡೆ. ಗೋಡೆ ಅಪ್ಪನ ಕಾಲದ್ದು, ಸತ್ತವರ ದುಡಿಮೆ ಯಾವ ಕಡೆಗೂ ವಾಲುವುದಿಲ್ಲ ಎಂಬುದು ಊರಿಗೇ ಗೊತ್ತು. ತೂಗುಗುಂಡು ಹಿಡಿದುಕೊಂಡು ಸ್ವಲ್ಪ ಹೊತ್ತು ಯೋಚಿಸಿದೆ. ಅದನ್ನು ಮೂರು ವರ್ಷದ ಕೆಳಗೆ ಆಯುಧಪೂಜೆಗೆ ಅಂಬುಜ ತಂದುಕೊಟ್ಟದ್ದು ಎಂದು ಆಗ ನೆನಪಾಯಿತು.

ಅಮ್ಮ ಮೂಲೆಯಲ್ಲಿ ಕೂತು ಎಲೆಯಡಿಕೆ ಕುಟ್ಟುತ್ತಿದ್ದಳು. ಎಂಬತ್ತರ ಹತ್ತಿರ ವಯಸ್ಸು, ಹಲ್ಲಿಲ್ಲ, ಕಣ್ಣು ಚೆನ್ನಾಗಿದೆ. ನಾನು ಒಳಗೆ ಹೊರಗೆ ಓಡಾಡುವುದನ್ನು ನೋಡಿ ಕುಟ್ಟುವುದನ್ನು ನಿಲ್ಲಿಸಿದಳು.

"ಅವಳು ಹೊಳೆಯಾಚೆ ಹೋದ್ಲಲ್ಲೋ. ಮನೆ ಆ ಕಡೆ ತಿರುಗದೆ ಇನ್ನೆಲ್ಲಿಗೆ ತಿರುಗುತ್ತೆ?"

ನಿನಗೆ ಯಾವಾಗಿನಿಂದ ಗೊತ್ತು ಎಂದು ಕೇಳಿದೆ. ಮೊದಲಿನಿಂದಲೂ ಗೊತ್ತು ಎಂದಳು. ಅಂಬುಜಳಿಗೆ ಕಾಲು ಉಳುಕಿ ಮನೆಯಲ್ಲೇ ಉಳಿದ ದಿನಗಳಲ್ಲಿ, ನಾನು ಅಂಗಡಿಯಲ್ಲಿದ್ದರೂ ಇಲ್ಲಿ ಒಂದು ಲೋಟ ಕೂಡ ಕದಲುತ್ತಿರಲಿಲ್ಲವಂತೆ. ಮತ್ತೆ ಯಾಕೆ ಹೇಳಲಿಲ್ಲ ಎಂದೆ.

"ಊರಿಗೆಲ್ಲ ಬೆಣೆ ಮಾಡೋನು, ನಿನಗೆ ಗೊತ್ತಿರುತ್ತೆ, ಗೊತ್ತಿಲ್ಲದ ಹಾಗೆ ಇದ್ದೀಯ ಅಂದ್ಕೊಂಡಿದ್ದೆ. ದೊಡ್ಡ ಗುಣ ಅಂತಲೂ ಅಂದ್ಕೊಂಡಿದ್ದೆ."

ಇವನ್ನೆಲ್ಲ ತಂದವನು ನಾನು ಎಂಬುದೇ ನನ್ನ ತಲೆಯಲ್ಲಿ ತಿರುಗುತ್ತಿತ್ತು. ಬೀರುವನ್ನು ಸಂತೆಪೇಟೆಯಿಂದ ಗಾಡಿಯಲ್ಲಿ ಹೇರಿಸಿಕೊಂಡು ಬಂದವನು ನಾನು. ಹಂಡೆಗಾಗಿ ಕಂಚುಗಾರರ ಜೊತೆ ಅರ್ಧ ದಿನ ಚೌಕಾಸಿ ಮಾಡಿದವನು ನಾನು. ಹೊಲಿಗೆ ಯಂತ್ರವನ್ನು ಹೆಗಲ ಮೇಲೆ ಹೊತ್ತು ಮೆಟ್ಟಿಲು ಹತ್ತಿಸಿದ್ದಕ್ಕೆ ಇವತ್ತಿಗೂ ಚಳಿಗಾಲದಲ್ಲಿ ಭುಜ ನೋಯುತ್ತದೆ. ಹಾಗಾದರೆ ನನ್ನ ದುಡಿಮೆ ಎಲ್ಲಿ ಹೋಯಿತು? ಬೆಣೆಯ ವ್ಯಾಪಾರ ದಿನದ ವ್ಯಾಪಾರ. ಸಂಜೆ ಅಂಗಡಿ ಮುಚ್ಚಿ ಬರುವಾಗ ಅಕ್ಕಿ, ಬೇಳೆ, ಅಮ್ಮನ ಮಾತ್ರೆ, ಸೀಮೆಎಣ್ಣೆ ತರುತ್ತಿದ್ದೆ; ದೂರದ ಊರಿನಲ್ಲಿ ಓದುವ ಮಗಳ ಹಾಸ್ಟೆಲಿಗೆ ಕಳಿಸುತ್ತಿದ್ದೆ. ಅಂಬುಜಳ ಸಂಬಳ ತಿಂಗಳಿಗೊಮ್ಮೆ ಒಟ್ಟಿಗೆ ಬರುತ್ತಿತ್ತು, ದೊಡ್ಡ ಸಾಮಾನು ಬೇಕಾದಾಗ ಅವಳು ಸುಮ್ಮನೆ ಕವರು ತಂದು ನನ್ನ ಕೈಗಿಡುತ್ತಿದ್ದಳು, ನಾನು ಹೋಗಿ ತರುತ್ತಿದ್ದೆ. ತಿಂದದ್ದು ವಾಲುವುದಿಲ್ಲ. ಉರಿದದ್ದು ವಾಲುವುದಿಲ್ಲ. ಮಗಳ ತಲೆಗೆ ಹೋದ ವಿದ್ಯೆ ಯಾವ ಕಡೆಗೆ ವಾಲುತ್ತದೆಂದು ನೋಡಲು ಅವಳು ಇಲ್ಲಿಲ್ಲ. ಅಂದರೆ ಉಪ್ಪು ಮೆಣಸಿನಕಾಯಿಗೆ ಹೋದದ್ದು ಯಾರದು? ನಾನು ನಷ್ಟಪಟ್ಟೆನೋ, ಮೋಸಹೋದೆನೋ, ಅಥವಾ ಇದರಲ್ಲಿ ಸಂತೋಷಪಡುವ ಅಂಶವೇನಾದರೂ ಇದೆಯೋ, ಒಂದೂ ತಿಳಿಯಲಿಲ್ಲ. ನನ್ನದು ಎಂಬುದು ಏನಾದರೂ ಇದೆಯೇ ಎಂದು ಮನೆಯೆಲ್ಲ ಹುಡುಕಿದೆ. ಅಟ್ಟ ಹತ್ತಿದೆ. ಕಡೆಗೆ ಅಮ್ಮ ತನ್ನ ಮುಂದಿದ್ದ ಕುಟ್ಟಾಣಿಯಿಂದ ಕೈ ತೆಗೆದಳು. ಅಂಗೈಯಷ್ಟು ಎತ್ತರದ ಕಬ್ಬಿಣದ ಕುಟ್ಟಾಣಿ, ನನ್ನ ಮೊದಲ ಬೆಣೆಯ ದುಡ್ಡಿನಲ್ಲಿ ತಂದದ್ದು. ಆ ಮನೆಯಲ್ಲಿ ಅದೊಂದೇ ನೆಟ್ಟಗೆ ನಿಂತಿತ್ತು. ಉಳಿದವೆಲ್ಲ ಪಡುವಲಿಗೆ ವಾಲಿದ್ದರಿಂದ ಅದೇ ಬಿದ್ದುಹೋಗುವಂತೆ ಕಾಣುತ್ತಿತ್ತು.

"ನಿನ್ನದೂ ಒಂದಿದೆ ತಗೊ" ಎಂದಳು.

ಮಂಗಳವಾರ ನಾನು ಮಾಡಿದ ಕೆಲಸವನ್ನು ಹೇಳಿಕೊಳ್ಳಲು ಸಂಕೋಚವಾಗುತ್ತದೆ, ಆದರೆ ಊರಿನ ಅರ್ಧದಷ್ಟು ಗಂಡಸರು ದಿನವೂ ಮಾಡುವುದನ್ನು ನಾನು ಒಂದು ದಿನ ಮಾಡಿದೆ. ಅಂಗಡಿಯಿಂದ ಒಂದು ಚೀಲ ಬೆಣೆ ತಂದು ಅಂಬುಜ ಹೋದ ಮೇಲೆ ಪ್ರತಿಯೊಂದರ ಕೆಳಗೂ ಹೊಡೆದೆ. ಗಿರಾಕಿಗಳ ಮನೆಯಲ್ಲಿ ಹೊಡೆಯುವಾಗ ಕೈಗೆ ಬರುವ ಹದ ನನ್ನ ಮನೆಯಲ್ಲಿ ಬರಲಿಲ್ಲ, ಹೆಬ್ಬೆರಳಿಗೆ ಎರಡು ಏಟು ಬಿತ್ತು. ಮಧ್ಯಾಹ್ನದ ಹೊತ್ತಿಗೆ ಮನೆ ಗೋಡೆಗೆ ಸರಿಯಾಗಿ ನಿಂತಿತು. ತಟ್ಟೆಯಲ್ಲಿ ಸಾರು ಯಾವ ಕಡೆಗೂ ಹರಿಯದೆ ನಡುವೆ ನಿಂತಿತು. ಅಂಬುಜ ಕೆಲಸಕ್ಕೆ ಹೋದ ಹಗಲಿನಲ್ಲಿ ಅಂಥ ಸಾರನ್ನು ನಾನು ಎಂದೂ ಉಂಡಿರಲಿಲ್ಲ. ಸಪ್ಪೆ ಅನ್ನಿಸಿತು.

ತೆಗೆಯುವುದನ್ನು ಮರೆತೆ. ಮರೆತದ್ದಲ್ಲ, ತೆಗೆಯುವುದು ನನ್ನ ಕೆಲಸವೆಂದು ಹೊಳೆಯಲೇ ಇಲ್ಲ. ನಾನು ಅಂಗಡಿ ಮುಚ್ಚಿ ಬಂದಾಗ ಅಂಬುಜ ನಡುಮನೆಯಲ್ಲಿ ನಿಂತಿದ್ದಳು, ಸೆರಗಿನ ತುದಿಯಲ್ಲಿ ಇನ್ನೂ ಕೆಮ್ಮಣ್ಣು. ಅವಳು ಒಳಗೆ ಬಂದದ್ದಕ್ಕೆ ಇಡೀ ಮನೆ ಬೆಣೆಯ ಮೇಲೆ ಹತ್ತಿ ಮೂಡಲಿಗೆ, ನನ್ನ ಅಂಗಡಿಯ ಕಡೆಗೆ, ವಾಲಿತ್ತು. ಬೀರುವಿನ ಬಾಗಿಲು ತೆರೆದು ಸೀರೆಗಳು ಜಾರಿದ್ದವು. ಅವಳು ನನ್ನನ್ನು ನೋಡಿದಳು, ನನ್ನ ಹೆಬ್ಬೆರಳಿನ ಬಟ್ಟೆ ನೋಡಿದಳು. ಆಮೇಲೆ ಊರಿನ ಉಳಿದ ಹೆಂಗಸರ ಹಾಗೆಯೇ ಮಂಡಿಯೂರಿ ಕೂತು ಒಂದೊಂದೇ ಬೆಣೆ ಕೀಳತೊಡಗಿದಳು. ಹತ್ತೊಂಬತ್ತು ವರ್ಷಗಳಲ್ಲಿ ಮೊದಲ ಸಲ. ನಾನೂ ಕೈ ಹಚ್ಚೋಣವೆಂದು ಬಗ್ಗಿದೆ; ಎಲ್ಲಿಂದ ಶುರು ಮಾಡಬೇಕೋ ತಿಳಿಯದೆ ಬಗ್ಗಿಕೊಂಡೇ ಇದ್ದೆ.

ಕಿತ್ತ ಬೆಣೆಗಳನ್ನು ಅವಳು ಬುಟ್ಟಿಗೆ ಹಾಕುವ ಮೊದಲು ಒಂದೊಂದನ್ನೂ ಎಡಗೈಯಲ್ಲಿ ಹಿಡಿದು ಬೆರಳ ಗಂಟಿನಿಂದ ತಟ್ಟುತ್ತಿದ್ದಳು. ಬೇಕೆಂದು ಮಾಡಿದ್ದಲ್ಲ, ಕೈ ತಾನಾಗಿ ಮಾಡುತ್ತಿತ್ತು. ಕೊನೆಗೆ ಮೂರನ್ನು ಬೇರೆ ಇಟ್ಟಳು.

"ಇವು ಮೂರು ಒಡಕು."

ಹುಣಸೆಯ ಚೇಗು ಒಡೆಯುವುದಿಲ್ಲ ಎಂದೆ. ಇಪ್ಪತ್ತು ವರ್ಷದ ಕೈ ಎಂದೆ. ಬೆಳಕಿಗೆ ಹಿಡಿದು ತೋರಿಸಿದೆ, ಎಲ್ಲೂ ಗೆರೆಯಿರಲಿಲ್ಲ. ಅವಳು ವಾದ ಮಾಡಲಿಲ್ಲ. ಹೊಸ ಗೂಡಿನಲ್ಲಿ ಒಬ್ಬ ಹುಡುಗಿಗೆ ಎರಡೇ ದಿನಕ್ಕೆ ಕಿವಿ ಬಂದಿದೆ ಎಂದು ಅಮ್ಮನಿಗೆ ಹೇಳುತ್ತಾ ಒಲೆ ಹಚ್ಚಲು ಹೋದಳು. ಜಗಳವಾಡಿದ್ದರೆ ಎಷ್ಟೋ ಅನುಕೂಲವಿತ್ತು.

ಬುಧವಾರದಿಂದ ನಾನು ಬೆಣೆ ಹೊಡೆಯಲಿಲ್ಲ. ಅಂಗಡಿಯಲ್ಲಿ ಕೂತರೆ ಅಂಗಿ ಬೆನ್ನ ಹಿಂದಕ್ಕೆ ಎಳೆಯುತ್ತಿತ್ತು. ಪಡುವಲಿಗೆ ತಿರುಗಿ ಕೂತರೆ ಮೊದಲಿನಂತೆ ಮುಂದಕ್ಕೆ ಉಬ್ಬುತ್ತಿತ್ತು, ಆದರೆ ಆಗ ಬೀದಿಗೆ ಬೆನ್ನು ಹಾಕಿ ಗೋಡೆಗೆ ಮುಖ ಕೊಟ್ಟು ವ್ಯಾಪಾರ ಮಾಡಬೇಕು. ಎರಡು ದಿನ ಹಾಗೂ ಮಾಡಿದೆ. ಬಂದವರು ಏನಾದರೂ ವ್ರತವೇ ಎಂದು ಕೇಳಿದರು. ಅವಳು ಕೆಲಸ ಬಿಟ್ಟರೆ ಎಲ್ಲ ಸರಿಹೋಗುತ್ತದೆ ಎಂದು ಒಂದು ಗಳಿಗೆ ಅನ್ನಿಸುತ್ತಿತ್ತು: ಅವಳು ದಿನವಿಡೀ ಮನೆಯಲ್ಲಿದ್ದರೆ ಯಾವುದೂ ಯಾವ ಕಡೆಗೂ ವಾಲುವುದಿಲ್ಲ, ನನ್ನ ಮನೆ ಹಿಂದಿನಂತೆ ಬೆಣೆಯಿಲ್ಲದ ಮನೆಯಾಗಿಯೇ ಉಳಿಯುತ್ತದೆ. ಮರುಗಳಿಗೆ ಅವಳು ಗಾಳಿಯಲ್ಲಿ ಸೌಟಿನಿಂದ ಹಂಚು ತಟ್ಟಿದ್ದು ನೆನಪಾಗುತ್ತಿತ್ತು. ಶುಕ್ರವಾರ ಅಂಬುಜ ಕಾಗದದ ವಿಷಯ ಎತ್ತಲಿಲ್ಲ. ಶನಿವಾರ ಬೆಳಗ್ಗೆ ಹೊಸ್ತಿಲು ದಾಟುವಾಗ ಮಾತ್ರ, ಗೇಟಿನ ಹತ್ತಿರ ಐದಕ್ಕೆ ಮುಂಚೆ ನಿಂತಿರುತ್ತೇನೆ, ಮರೆಯಬೇಡಿ ಎಂದಳು. ಅವಳ ಮುಖ ನೋಡಿದರೆ ಒಂದು ವಾರ ಒಳ್ಳೆಯ ಕೆಲಸ ಮಾಡಿದವರಂತಿತ್ತು, ಅದು ಕೊನೆಯ ವಾರವೆಂದು ಒಪ್ಪಿಕೊಂಡವರಂತೆಯೂ ಇತ್ತು.

ಮಧ್ಯಾಹ್ನ ಬರೆಯಲು ಕೂತೆ. ಬರೆಯುವ ಮೇಜು ಪಡುವಲಿಗೆ ಇಳಿಜಾರು, ಪೆನ್ನು ಇಟ್ಟರೆ ಉರುಳುತ್ತದೆ, ಮಸಿಬುಡ್ಡಿ ಜಾರುತ್ತದೆ. ಕಾಗದವನ್ನು ಒಂದು ಕೈಯಲ್ಲಿ ಹಿಡಿದು ಬರೆದರೂ ಸಾಲುಗಳು ಹೊಳೆಯ ಕಡೆಗೆ ಇಳಿಯುತ್ತಿದ್ದವು. ರಾಜೀನಾಮೆಯ ಸಾಲುಗಳು ಹಾಗೆ ಇಳಿಯಬಾರದು. ಮೇಜಿನ ಪಡುವಲ ಕಾಲುಗಳಿಗೆ ಎರಡು ಬೆಣೆ ಬೇಕಾಯಿತು. ಬುಟ್ಟಿಯ ತುಂಬ ಬೆಣೆಗಳಿದ್ದವು. ಆದರೂ ಅಂಬುಜ ಒಡಕೆಂದು ಬೇರೆ ಇಟ್ಟಿದ್ದರಲ್ಲೇ ಎರಡನ್ನು ತೆಗೆದುಕೊಂಡು ಹೊಡೆದೆ. ನಿಂತವು. ಸುತ್ತಿಗೆಯಿಂದ ಇನ್ನೊಂದು ಏಟು ಕೊಟ್ಟೆ. ಆಗಲೂ ನಿಂತವು. ಎಲ್ಲಿದೆ ಒಡಕು ಎಂದು ಅಮ್ಮನಿಗೆ ಕೇಳಿಸುವಂತೆ ಹೇಳಿದೆ. ಅಮ್ಮ ಕುಟ್ಟುತ್ತಿದ್ದಳು.

ಅಂಬುಜಳೇ ಬರೆದ ಹಾಗೆ ಬರೆಯಬೇಕಿತ್ತು. 'ಮಾನ್ಯರೆ, ಹತ್ತೊಂಬತ್ತು ವರ್ಷಗಳಿಂದ ತಮ್ಮಲ್ಲಿ ಕೆಲಸ ಮಾಡುತ್ತಿರುವ ನಾನು' ಎಂದು ಶುರು ಮಾಡಿದೆ. ಅಕ್ಷರ ಚೆನ್ನಾಗಿ ಬಂತು. ಬಿಡುವುದಕ್ಕೆ ಕಾರಣ ಕೊಡಬೇಕಲ್ಲ. ಎಲ್ಲರ ಅರ್ಜಿಗಳಿಗೂ ನಾನು ಹಾಕಿಕೊಡುವ ಒಂದು ವಾಕ್ಯವಿದೆ, ಕೈ ಅದನ್ನೇ ಬರೆಯಿತು: 'ನನ್ನ ಯಜಮಾನರ ದುಡಿಮೆಯೇ ನಮ್ಮ ಸಂಸಾರಕ್ಕೆ ಸಾಕಾಗುವುದರಿಂದ'. ಅಲ್ಲಿ ನಿಲ್ಲಿಸಿ ಓದಿದೆ. ಮೇಜು ನೋಡಿದೆ. ಮೇಜನ್ನು ತಂದವನು ನಾನೇ, ತಲೆಯ ಮೇಲೆ ಹೊತ್ತು. ಮುಂದಿನ ಪದಕ್ಕಾಗಿ ಮೊಣಕೈ ಊರಿ ಕೂತಿದ್ದಾಗ ಕೆಳಗೆ ಚಿಟಕ್ಕೆಂದು ಸದ್ದಾಯಿತು. ಮೇಜು ಒಂದು ಮೂಲೆಗೆ ಕುಸಿದು, ಮಸಿಬುಡ್ಡಿ ಮಗುಚಿ, ಯಜಮಾನರಿಂದ ಹಿಡಿದು ಸಂಸಾರದವರೆಗೆ ಎಲ್ಲ ನೀಲಿಯಾಯಿತು. ಬಗ್ಗಿ ನೋಡಿದೆ. ಬೆಣೆ ಉದ್ದಕ್ಕೆ ಎರಡು ಹೋಳಾಗಿತ್ತು, ಒಳಗೆ ಹಳೆಯ ಬಿರುಕು, ಬಹಳ ಕಾಲದಿಂದ ಇದ್ದ ಹಾಗೆ ಕಪ್ಪಗಿತ್ತು.

ಅದೇ ಹೊತ್ತಿಗೆ ಪಂಚಾಕ್ಷರಿ ಮೇಷ್ಟ್ರು ಹುಡುಕಿಕೊಂಡು ಬಂದರು. ಅಂಗಡಿ ಮುಚ್ಚಿದ್ದಕ್ಕೆ ಮನೆಗೇ ಬಂದದ್ದು. ಅವರ ಹೆಂಡತಿಗೆ ಅಂಚೆ ಕಚೇರಿಯಲ್ಲಿ ಬಡ್ತಿಯಾಗಿದೆ, ಹೊಸ ಸೋಫಾ ಬಂದಿದೆ, ನೆಲ ಬಹಳ ಏರುಪೇರಾಗಿದೆ ಎನ್ನುತ್ತಾ ಒಳಗೆ ಕಾಲಿಟ್ಟವರು ಮಾತು ನಿಲ್ಲಿಸಿದರು. ಬೀರು ನೋಡಿದರು, ಮಂಚ ನೋಡಿದರು, ಪರದೆ ನೋಡಿದರು. ಬೆಣೆ ಮಾಡುವವನ ಮನೆಯಲ್ಲಿ ಹೀಗೆ ಸಿಕ್ಕಿಬಿದ್ದ ಸುಖ ಅವರ ಮುಖದಲ್ಲಿ ನಿಧಾನವಾಗಿ ಹರಡಿತು.

"ಏನ್ ಆಚಾರ್ರೇ, ಮನೆ ಹೊಳೆ ಕಡೆ ವಾಲಿಬಿಟ್ಟಿದೆಯಲ್ರೀ."

ಈ ಊರಿನ ಮಣ್ಣೇ ಹಾಗೆ ಎನ್ನಬೇಕಿತ್ತು. ಆ ಮಾತು ಬಾಯಿಯವರೆಗೂ ಬಂದಿತ್ತು.

"ಎಲ್ಲಿ ವಾಲಿದೆ ಮೇಷ್ಟ್ರೇ? ನೆಟ್ಟಗೇ ಇದೆ" ಎಂದೆ.

ಯಾಕೆ ಹಾಗೆಂದೆನೋ ನನಗೆ ಗೊತ್ತಿಲ್ಲ. ಸುಳ್ಳು ಹೇಳುತ್ತಿದ್ದೇನೋ ನಿಜ ಹೇಳುತ್ತಿದ್ದೇನೋ ಅದೂ ಗೊತ್ತಿರಲಿಲ್ಲ. ಮೇಷ್ಟ್ರು ತಲೆಯನ್ನು ಪಡುವಲಿಗೆ ಒಂದಿಷ್ಟು ಓರೆ ಮಾಡಿ ಮತ್ತೊಮ್ಮೆ ಬೀರು ನೋಡಿದರು. ಹಾಗೆ ನೋಡಿದರೆ ಅದು ನೆಟ್ಟಗೆ ಕಾಣುತ್ತದೆ.

"ಹಾಗಾದ್ರೆ ನಮ್ಮನೇದೂ..." ಎಂದು ನಿಲ್ಲಿಸಿದರು.

ನನ್ನ ವ್ಯಾಪಾರವೆಲ್ಲ ಆ ಮಾತಿನ ಆಚೆ ಕೊನೆಯಲ್ಲಿತ್ತು. ನಾನು, ಹೊಳೆಯಾಚೆ ಹೋಗುವುದಿದೆ, ಬೆಣೆಯ ವಿಷಯ ಸೋಮವಾರ ನೋಡೋಣ ಎಂದು ಚಪ್ಪಲಿ ಮೆಟ್ಟಿದೆ.

ಹೊಸ ಗೂಡಿಗೆ ನಾನು ಹೋದವನಲ್ಲ, ಆದರೆ ದಾರಿ ಕೇಳಬೇಕಾಗಲಿಲ್ಲ. ಅಂಗಿ ಮುಂದೆ ಮುಂದೆ ಎಳೆದುಕೊಂಡು ಹೋಯಿತು. ದಾರಿ ಕವಲೊಡೆದ ಕಡೆ ನಿಂತರೆ ಪಂಚೆಯ ಅಂಚು ತೋರಿಸುತ್ತಿತ್ತು. ಸೇತುವೆ ದಾಟುವಾಗಲೇ ಕೊಟ್ಟಿಗೆಯಿಂದ ತಟ್ಟುವ ಸದ್ದು ಕೇಳಿಸಿತು, ಆರು ಕೈಗಳದು ಅಡ್ಡಾದಿಡ್ಡಿಯಾಗಿ, ಒಂದು ಕೈಯದು ಅವುಗಳ ನಡುವೆ ನಿಧಾನವಾಗಿ. ನಾನು ಗೇಟಿನ ಹತ್ತಿರ ನಿಂತೆ. ಐದಕ್ಕೆ ಹತ್ತು ನಿಮಿಷವಿತ್ತು. ನಿಧಾನವಾದ ಸದ್ದು ನಿಂತಿತು, ಅಂಬುಜ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದಳು. ಕಾಗದಕ್ಕೆಂದು ಕೈ ಚಾಚಿದಳು.

"ಕಾಗದ ಆಗಲಿಲ್ಲ. ಬೆಣೆ ಒಡೀತು" ಎಂದೆ.

"ಯಾವುದು?"

"ನೀನು ಬೇರೆ ಇಟ್ಟಿದ್ದೆಯಲ್ಲ, ಅದರಲ್ಲೊಂದು."

ಅವಳು ತಲೆ ಓರೆ ಮಾಡಿ ನನ್ನ ಮಾತನ್ನು ಕೇಳಿಸಿಕೊಂಡಳು. ಮಾತು ಮುಗಿದ ಮೇಲೂ ಸ್ವಲ್ಪ ಹೊತ್ತು ಹಾಗೆಯೇ ಇದ್ದಳು. ಅಷ್ಟರಲ್ಲಿ ಐದರ ಸೈರನ್ನು ಕೂಗಿತು. ಕೂಗಿ ಮುಗಿಯುವವರೆಗೂ ಇಬ್ಬರೂ ಕಾದೆವು.

"ಉಳಿದ ಎರಡೂ ಒಡೆಯುತ್ತೆ. ಅದರ ಮೇಲೆ ಏನೂ ಇಡ್ಬೇಡಿ" ಎಂದಳು. ಆಮೇಲೆ, ಇನ್ನು ದಿನವೂ ಬೆಳಗ್ಗೆ ಎಂಟೂವರೆಗೇ ಹೊರಡಬೇಕು, ಅನ್ನಕ್ಕೆ ಏಳಕ್ಕೇ ಇಡಬೇಕು ಎಂದು ತನ್ನಷ್ಟಕ್ಕೆ ಲೆಕ್ಕ ಹಾಕಿ, ನಾನೇ ಇಡುತ್ತೇನೆಂದು ನಾನು ಹೇಳುವುದರೊಳಗೆ, "ಇಡಿ. ಅಕ್ಕಿ ಹೇಗೂ ನಿಮ್ಮದೇ" ಎಂದಳು.

ಆಗ ಅವಳು ನಕ್ಕಳೋ ಇಲ್ಲವೋ ನನಗೆ ಖಚಿತವಿಲ್ಲ. ಸೇತುವೆಯ ಮೇಲೆ ಅವಳು ಮುಂದೆ, ನಾನು ಹಿಂದೆ. ಅಂಗಿ ಅವಳ ಕಡೆಗೆ ಎಳೆಯುತ್ತಿತ್ತು. ನಡುವೆ ಎಲ್ಲೋ ಅವಳು ನಿಂತು, ನಾನು ಹತ್ತಿರ ಬಂದ ಮೇಲೆ ಪಕ್ಕದಲ್ಲಿ ನಡೆಯತೊಡಗಿದಳು. ಯಾವ ಕಡೆ ಎಳೆಯಬೇಕೆಂದು ತಿಳಿಯದೆ ಅಂಗಿ ಸುಮ್ಮನೆ ಮೈಮೇಲೆ ಕೂತಿತು. ಹೊರಗೆ, ಬಯಲಿನಲ್ಲಿ, ಅದು ಹಾಗೆ ಕೂತದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಅಳತೆಗೆ ಸರಿಯಾಗಿಯೇ ಇತ್ತು.